ಮನೆಯೊಳಗಿನ ಗಾಳಿಯಲ್ಲಿ ಬೂಷ್ಟು, ಬ್ಯಾಕ್ಟೀರಿಯಾ: ಹುಡುಕಿ ತಡೆಯುವ ಸಮಗ್ರ ಮಾರ್ಗದರ್ಶಿ

ಬೀರುವಿನ ಹಿಂದಿನ ಗೋಡೆಗೆ ನಾನು ಎರಡು ಸಲ ಪೇಂಟ್ ಹೊಡೆಸಿದ್ದೇನೆ. ಮೊದಲ ಸಲ ಅಲ್ಲಿದ್ದದ್ದು ಅಂಗೈಯಗಲದ ಕಪ್ಪು ಚುಕ್ಕೆಗಳು. ಒರೆಸಿ, ಬಳಿದು, ಬೀರುವನ್ನು ವಾಪಸ್ ಇಟ್ಟೆವು. ನಾಲ್ಕು ತಿಂಗಳಿಗೆ ಅದೇ ಜಾಗದಲ್ಲಿ ಮತ್ತೆ ಚುಕ್ಕೆ. ಈ ಸಲ ಅಂಗೈ ಅಲ್ಲ, ಮೊರದಗಲ. ಎರಡನೇ ಸಲ 'ಬೂಷ್ಟು ನಿರೋಧಕ' ಅಂತ ಡಬ್ಬದ ಮೇಲೆ ಬರೆದಿದ್ದ ದುಬಾರಿ ಪೇಂಟ್ ತಂದೆ. ಅದೂ ಹಪ್ಪಳೆ ಹಪ್ಪಳೆಯಾಗಿ ಎದ್ದು ಬಂತು. ಆ ಕೋಣೆಯಲ್ಲಿ ಮಲಗುತ್ತಿದ್ದ ನನಗೆ ಬೆಳಗ್ಗೆ ಎದ್ದ ಕೂಡಲೇ ಸಾಲಾಗಿ ಸೀನು. ಬೇರೆ ಊರಿಗೆ ಹೋದರೆ ಒಂದೂ ಇಲ್ಲ.

ಕೊನೆಗೆ ಸಿಕ್ಕಿಬಿದ್ದದ್ದು ಗೋಡೆಯ ಆಚೆ ಬದಿಯಲ್ಲಿದ್ದ ಬಚ್ಚಲಿನ ಪೈಪಿನ ಜಾಯಿಂಟ್. ಗೋಡೆಯ ಹೊಟ್ಟೆಯೊಳಗೆ ಹನಿ ಹನಿಯಾಗಿ ಸೋರುತ್ತಿತ್ತು. ಅದನ್ನು ಸರಿ ಮಾಡಿಸಿ, ಆರು ವಾರ ಗೋಡೆ ಒಣಗಲು ಬಿಟ್ಟು, ಆಮೇಲೆ ಬಳಿದ ಸಾದಾ ಪೇಂಟ್ ಇವತ್ತಿಗೂ ಹಾಗೇ ಇದೆ. ಸೀನೂ ನಿಂತಿತು.

ಗಾಳಿ ಕೆಟ್ಟಿದೆ ಅಂತ ನಾವು ಪ್ಯೂರಿಫೈಯರ್, ಸ್ಪ್ರೇ, ಪೇಂಟ್ ಅಂತ ಓಡಾಡುತ್ತೇವೆ. ಹುಡುಕಬೇಕಾದದ್ದು ಮಾತ್ರ ನೀರನ್ನು. ಈ ಬರಹದ ಹೆಚ್ಚಿನ ಭಾಗ ಅದೇ ಕೆಲಸದ ಬಗ್ಗೆ.

ಗಾಳಿಯಲ್ಲಿ ತೇಲುತ್ತಿರುವುದು ಏನು?

ಗಾಳಿಯಲ್ಲಿ ಜೀವಾಣುಗಳಿವೆ ಅನ್ನುವುದನ್ನು ಲೂಯಿ ಪಾಶ್ಚರ್ 1860ರ ಸುಮಾರಿಗೆ ಬಹಳ ಸರಳವಾಗಿ ತೋರಿಸಿದರು. ಕುದಿಸಿದ ಸಾರವನ್ನು ಸೀಸೆಗಳಲ್ಲಿ ಮುಚ್ಚಿಟ್ಟುಕೊಂಡು ಬೇರೆ ಬೇರೆ ಜಾಗಗಳಿಗೆ ಹೋದರು. ಅಲ್ಲಿ ಒಂದು ಕ್ಷಣ ಬಾಯಿ ತೆರೆದು ಮತ್ತೆ ಮುಚ್ಚಿದರು. ಆಲ್ಪ್ಸ್ ಪರ್ವತದ ಹಿಮನದಿಯ ಮೇಲೆ ತೆರೆದ 20 ಸೀಸೆಗಳಲ್ಲಿ ಕೆಟ್ಟದ್ದು ಒಂದೇ ಒಂದು. ಗಾಳಿ ಅಲ್ಲಾಡದ ನೆಲಮಾಳಿಗೆಯಲ್ಲಿ ತೆರೆದವೂ ಹೆಚ್ಚಿನವು ಕೆಡಲಿಲ್ಲ. ಈ ನೆಲಮಾಳಿಗೆಯ ವಿಷಯ ನೆನಪಿರಲಿ. ಕಸ ಗುಡಿಸುವ ಮಾತು ಬಂದಾಗ ಬೇಕಾಗುತ್ತದೆ.

ಬೂಷ್ಟು ಅಂದರೆ ಶಿಲೀಂಧ್ರ. ಅದು ಬೀಜಕಣಗಳನ್ನು ಗಾಳಿಗೆ ಬಿಟ್ಟು ಹರಡುತ್ತದೆ. ಮನೆಗಳಲ್ಲಿ ಸಿಗುವ ಸಾಮಾನ್ಯ ಹೆಸರುಗಳು ಆಸ್ಪರ್ಜಿಲ್ಲಸ್, ಪೆನಿಸಿಲಿಯಂ, ಕ್ಲಾಡೋಸ್ಪೋರಿಯಂ, ಆಲ್ಟರ್ನೇರಿಯಾ. ಆಸ್ಪರ್ಜಿಲ್ಲಸ್ ಮತ್ತು ಪೆನಿಸಿಲಿಯಂ ಬೀಜಕಣಗಳು ಸುಮಾರು 2ರಿಂದ 5 ಮೈಕ್ರಾನ್. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಅಂದರೆ ಅಂದಾಜು ಸಿಗುತ್ತದೆ. ಬ್ಯಾಕ್ಟೀರಿಯಾ ಇನ್ನೂ ಚಿಕ್ಕದು, ಒಂದು ಮೈಕ್ರಾನ್ ಆಸುಪಾಸು. ಆದರೆ ಅದು ಒಂಟಿಯಾಗಿ ಹಾರುವುದು ಕಡಿಮೆ. ಚರ್ಮದ ಹೊಟ್ಟು, ದೂಳು ಅಥವಾ ಉಸಿರಿನ ಹನಿಯ ಮೇಲೆ ಸವಾರಿ ಮಾಡುತ್ತದೆ.

ಗಾತ್ರದ ಲೆಕ್ಕ ಯಾಕೆ ಅಂದರೆ, ಕಣ ಎಷ್ಟು ಹೊತ್ತು ತೇಲುತ್ತದೆ, ಮೈಯೊಳಗೆ ಎಲ್ಲಿಯವರೆಗೆ ಹೋಗುತ್ತದೆ ಎರಡನ್ನೂ ಅದೇ ತೀರ್ಮಾನಿಸುತ್ತದೆ. ನಿಂತ ಗಾಳಿಯಲ್ಲಿ ಮೂಗಿನ ಎತ್ತರದಿಂದ ನೆಲಕ್ಕೆ ಬೀಳಲು 10 ಮೈಕ್ರಾನ್ ಕಣಕ್ಕೆ ಎಂಟು ನಿಮಿಷ ಸಾಕು. 3 ಮೈಕ್ರಾನಿನದಕ್ಕೆ ಒಂದೂವರೆ ಗಂಟೆ. 1 ಮೈಕ್ರಾನಿನದು ಅರ್ಧ ದಿನ ತೇಲಾಡುತ್ತದೆ. ಫ್ಯಾನ್ ತಿರುಗುತ್ತಿದ್ದರೆ ಇನ್ನೂ ಜಾಸ್ತಿ. ದೊಡ್ಡ ಕಣಗಳು ಮೂಗು ಗಂಟಲಲ್ಲೇ ಸಿಕ್ಕಿಕೊಳ್ಳುತ್ತವೆ. 5 ಮೈಕ್ರಾನಿಗಿಂತ ಚಿಕ್ಕವು ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲವು.

ಇನ್ನೊಂದು ಮುಖ್ಯ ವಿಷಯ. ಮನೆಯೊಳಗಿನ ಶಿಲೀಂಧ್ರ ಬರುವುದು ಹೊರಗಿನ ಗಾಳಿಯಿಂದ ಮತ್ತು ಒಳಗಿನ ತೇವದಿಂದ. ಬ್ಯಾಕ್ಟೀರಿಯಾ ಬರುವುದು ಹೆಚ್ಚಾಗಿ ನಮ್ಮಿಂದಲೇ. ಚರ್ಮ, ಬಾಯಿ, ನಾವು ಎಬ್ಬಿಸುವ ದೂಳು. ಇದರ ಜೊತೆಗೆ ನೀರು ಚಿಮ್ಮಿಸುವ ಯಂತ್ರಗಳು. ಅಂದರೆ ಬೂಷ್ಟಿಗೆ ಮದ್ದು ಒಣಗಿಸುವುದು, ಬ್ಯಾಕ್ಟೀರಿಯಾಗೆ ಮದ್ದು ಗಾಳಿಯಾಟ ಮತ್ತು ಯಂತ್ರಗಳ ಸ್ವಚ್ಛತೆ. ಎರಡಕ್ಕೂ ಒಂದೇ ಡಬ್ಬ ಮಾರುವವರನ್ನು ನಂಬಬೇಡಿ.

ಯಾರಿಗೆ, ಏನಾಗುತ್ತದೆ?

ಮೊದಲು ಒಂದು ಸಮಾಧಾನ. ಬೀಜಕಣವಿಲ್ಲದ ಮನೆ ಅನ್ನುವುದೇ ಇಲ್ಲ. ದಿನಕ್ಕೆ ಸುಮಾರು 11 ಸಾವಿರ ಲೀಟರ್ ಗಾಳಿ ಎಳೆದುಕೊಳ್ಳುವ ನಾವು ಎಲ್ಲರೂ ಅವನ್ನು ದಿನವೂ ನುಂಗುತ್ತಿದ್ದೇವೆ. ಆರೋಗ್ಯವಂತರಿಗೆ ಏನೂ ಆಗುವುದಿಲ್ಲ.

ತೊಂದರೆ ಮೂರು ದಾರಿಯಲ್ಲಿ ಬರುತ್ತದೆ. ಅಲರ್ಜಿ ಎಲ್ಲಕ್ಕಿಂತ ಸಾಮಾನ್ಯ. ಸೀನು, ಕಟ್ಟಿದ ಮೂಗು, ಕಣ್ಣುರಿ, ಕೆಮ್ಮು. ಉಬ್ಬಸ ಇದ್ದವರಿಗೆ ಅದು ಕೆರಳುತ್ತದೆ. ತೇವದ ಮನೆಗೂ ಉಬ್ಬಸಕ್ಕೂ ನಂಟಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೆ ಗಾಳಿಯಲ್ಲಿ ಇಷ್ಟು ಬೀಜಕಣ ಇದ್ದರೆ ಸುರಕ್ಷಿತ, ಇದಕ್ಕಿಂತ ಜಾಸ್ತಿ ಆದರೆ ಅಪಾಯ ಅನ್ನುವ ಅಂಕಿಯನ್ನು ಅದು ಕೊಟ್ಟಿಲ್ಲ. ಕೊಡಲು ಬೇಕಾದ ಆಧಾರ ಇಲ್ಲ. ತೇವ ಮತ್ತು ಬೂಷ್ಟನ್ನೇ ತಡೆಯಿರಿ ಅನ್ನುವುದು ಅದರ ಸಲಹೆ.

ಎರಡನೆಯದು ಸೋಂಕು. ಇದು ರೋಗ ತಡೆಯುವ ಶಕ್ತಿ ಕುಗ್ಗಿದವರ ಕಷ್ಟ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗಾಂಗ ಕಸಿ ಮಾಡಿಸಿಕೊಂಡವರು, ದೀರ್ಘಕಾಲ ಸ್ಟೀರಾಯ್ಡ್ ತೆಗೆದುಕೊಳ್ಳುವವರು. ಹಿಂದೆ ಕ್ಷಯ ಬಂದು ಶ್ವಾಸಕೋಶದಲ್ಲಿ ಪೊಳ್ಳು ಉಳಿದವರಿಗೆ ಆಸ್ಪರ್ಜಿಲ್ಲಸ್ ಅಲ್ಲೇ ಗೂಡು ಕಟ್ಟುವುದುಂಟು. ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಕೋವಿಡ್ ಕಾಲದಲ್ಲಿ ಕೇಳಿದ 'ಬ್ಲ್ಯಾಕ್ ಫಂಗಸ್' ರೋಗಕ್ಕೂ ಗೋಡೆಯ ಕಪ್ಪು ಬೂಷ್ಟಿಗೂ ಹೆಸರಿನಷ್ಟೇ ಸಂಬಂಧ. ಆ ರೋಗ ತರುವ ಶಿಲೀಂಧ್ರಗಳ ಗುಂಪೇ ಬೇರೆ. ಸತ್ತ ಅಂಗಾಂಶ ಕಪ್ಪಾಗುವುದರಿಂದ ಆ ಹೆಸರು ಬಂತು.

ಮೂರನೆಯದನ್ನು ವೈದ್ಯರೂ ಒಮ್ಮೊಮ್ಮೆ ಜ್ವರ ಅಂದುಕೊಳ್ಳುತ್ತಾರೆ. ಹೈಪರ್‌ಸೆನ್ಸಿಟಿವಿಟಿ ನ್ಯುಮೊನೈಟಿಸ್ ಅಂತ ಹೆಸರು. ಬೂಷ್ಟು ಹಿಡಿದ ಹುಲ್ಲು, ಪಾರಿವಾಳದ ಹಿಕ್ಕೆ, ಕೊಳಕು ಹ್ಯೂಮಿಡಿಫೈಯರ್ (ಗಾಳಿಗೆ ತೇವ ಸೇರಿಸುವ ಯಂತ್ರ) ಇಂಥವುಗಳ ದೂಳು ಅಥವಾ ಮಂಜು ಎಳೆದುಕೊಂಡ ನಾಲ್ಕರಿಂದ ಎಂಟು ಗಂಟೆಗೆ ಚಳಿ, ಜ್ವರ, ಒಣಕೆಮ್ಮು, ಏದುಸಿರು. ಮರುದಿನಕ್ಕೆ ಇಳಿಯುತ್ತದೆ. ಮತ್ತೆ ಅಲ್ಲಿಗೆ ಹೋದರೆ ಮತ್ತೆ ಬರುತ್ತದೆ. ವರ್ಷಗಟ್ಟಲೆ ಹೀಗೇ ಬಿಟ್ಟರೆ ಶ್ವಾಸಕೋಶ ಗಟ್ಟಿಯಾಗಿಬಿಡುತ್ತದೆ.

ಇನ್ನು 'ವಿಷದ ಕಪ್ಪು ಬೂಷ್ಟು' ಅನ್ನುವ ಕೂಗು. ಸ್ಟಾಕಿಬಾಟ್ರಿಸ್ ಅನ್ನುವ ಬೂಷ್ಟಿನ ಮೇಲೆ ಇದು ಹುಟ್ಟಿದ್ದು 1990ರ ದಶಕದಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಹಸುಗೂಸುಗಳ ಶ್ವಾಸಕೋಶದಲ್ಲಿ ರಕ್ತಸ್ರಾವವಾದಾಗ. 2000ದಲ್ಲಿ ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಮರುಪರಿಶೀಲನೆ ಮಾಡಿ, ಆ ನಂಟು ಸಾಬೀತಾಗಿಲ್ಲ ಅಂತ ಹೇಳಿತು. ಬಣ್ಣ ನೋಡಿ ಹೆದರಬೇಡಿ. ಬಿಳಿ, ಹಸಿರು, ಕಪ್ಪು, ಯಾವುದಾದರೂ ಸರಿ, ಮಾಡಬೇಕಾದ ಕೆಲಸ ಒಂದೇ.

ಹೆಜ್ಜೆ 1: ಮೂಗಿನಿಂದ ಶುರು ಮಾಡಿ

ಅತ್ಯುತ್ತಮ ಉಪಕರಣ ಮುಖದ ಮೇಲೇ ಇದೆ. ಆದರೆ ಮೂಗು ಬೇಗ ಒಗ್ಗಿಹೋಗುತ್ತದೆ. ಅದಕ್ಕೇ ಹೊರಗಿಂದ ಬಂದ ಮೊದಲ ಒಂದು ನಿಮಿಷ ಮಾತ್ರ ಅದನ್ನು ನಂಬಬೇಕು. ಒಂದು ದಿನ ಮನೆ ಮುಚ್ಚಿಟ್ಟು, ಹೊರಗೆ ಹೋಗಿ ಬಂದು, ಬಾಗಿಲು ತೆಗೆದ ಕೂಡಲೇ ಕೋಣೆ ಕೋಣೆಗೆ ಹೋಗಿ ಮೂಸಿ. ಮುಗ್ಗಲು ವಾಸನೆ ಬಂದರೆ ಎಲ್ಲೋ ಬೂಷ್ಟು ಬೆಳೆಯುತ್ತಿದೆ, ಕಾಣದಿದ್ದರೂ. ಆ ವಾಸನೆ ಬೂಷ್ಟು ಬೆಳೆಯುವಾಗ ಬಿಡುವ ಅನಿಲಗಳದ್ದು.

ಆಮೇಲೆ ಟಾರ್ಚ್. ನೇರವಾಗಿ ಹಿಡಿಯಬೇಡಿ. ಗೋಡೆಗೆ ಒರಗಿಸಿ, ಬೆಳಕು ಗೋಡೆಯುದ್ದಕ್ಕೂ ಸವರಿಕೊಂಡು ಹೋಗುವ ಹಾಗೆ ಹಿಡಿಯಿರಿ. ಉಬ್ಬಿದ ಪೇಂಟ್, ಬಿಳಿ ಉಪ್ಪಿನ ಪುಡಿ, ನವಿರಾದ ರೋಮದಂಥ ಬೆಳವಣಿಗೆ ಎಲ್ಲ ಎದ್ದು ಕಾಣುತ್ತದೆ. ಬಿಳಿ ಪುಡಿ ಕಂಡರೆ ಒಂದು ಹನಿ ನೀರು ಹಾಕಿ. ಕರಗಿದರೆ ಅದು ಗೋಡೆಯ ಲವಣ, ಬೂಷ್ಟಲ್ಲ. ಆದರೆ ಆ ಲವಣವನ್ನು ಹೊರತಂದದ್ದೂ ನೀರೇ, ಅಲ್ವಾ?

ನೋಡಬೇಕಾದ ಜಾಗಗಳು: ಹೊರಗೋಡೆಗೆ ಅಂಟಿಸಿಟ್ಟ ಬೀರು ಮತ್ತು ಮಂಚದ ಹಿಂಬದಿ, ಸಿಂಕಿನ ಕೆಳಗಿನ ಕಪಾಟಿನ ಮೂಲೆ, ಬಚ್ಚಲಿಗೆ ಅಂಟಿದ ಪಕ್ಕದ ಕೋಣೆಯ ಗೋಡೆ, ಕಿಟಕಿಯ ಕೆಳ ಚೌಕಟ್ಟು, ಫಾಲ್ಸ್ ಸೀಲಿಂಗ್, ಹಾಸಿಗೆಯ ಅಡಿಭಾಗ. ಹಾಸಿಗೆ ಎತ್ತಿ ನೋಡುವುದನ್ನು ಎಲ್ಲರೂ ಮರೆಯುತ್ತಾರೆ. ನಾವು ಎಂಟು ಗಂಟೆ ಬೆವರುವುದು ಅದರ ಮೇಲೆ.

ಹೆಜ್ಜೆ 2: ತೇವ ಅಳೆಯಿರಿ, ಅದಕ್ಕೂ ಮೊದಲು ಮೀಟರನ್ನೇ ಅಳೆಯಿರಿ

ಗಾಳಿಯ ತೇವ ತೋರಿಸುವ ಹೈಗ್ರೋಮೀಟರ್ ಒಂದು ಬೇಕೇ ಬೇಕು. ಚಿಕ್ಕ ಡಿಜಿಟಲ್ ಸಾಕು. ಆದರೆ ಅಗ್ಗದವು ಹತ್ತು ಅಂಕಿ ಆಚೀಚೆ ತೋರಿಸುವುದುಂಟು. ಪರೀಕ್ಷೆಗೆ ಲ್ಯಾಬ್ ಬೇಡ, ಅಡುಗೆ ಉಪ್ಪು ಸಾಕು.

ಬಾಟಲಿಯ ಮುಚ್ಚಳದಲ್ಲಿ ಉಪ್ಪು ತುಂಬಿ. ಹನಿ ಹನಿ ನೀರು ಹಾಕಿ, ಒದ್ದೆ ಮರಳಿನ ಹಾಗೆ ಆಗಬೇಕು. ಪೂರ್ತಿ ಕರಗಬಾರದು. ಮುಚ್ಚಳವನ್ನೂ ಮೀಟರನ್ನೂ ಗಾಳಿಯಾಡದ ಚೀಲ ಅಥವಾ ಡಬ್ಬಿಯಲ್ಲಿಟ್ಟು ರಾತ್ರಿಯಿಡೀ ಬಿಡಿ. ಬೆಳಗ್ಗೆ ಒಳಗಿನ ತೇವ ಶೇಕಡಾ 75 ಇರುತ್ತದೆ. ಉಪ್ಪಿನ ಗುಣವೇ ಅದು. ಮೀಟರ್ 69 ತೋರಿಸಿದರೆ ಇನ್ನು ಮೇಲೆ ಅದು ಹೇಳಿದ್ದಕ್ಕೆ 6 ಸೇರಿಸಿ ಓದಿ.

ಗುರಿ ಶೇಕಡಾ 60ರ ಕೆಳಗೆ. 30ರಿಂದ 50 ಆದರೆ ಇನ್ನೂ ಒಳ್ಳೆಯದು. ಮೀಟರನ್ನು ಕೋಣೆಯ ನಡುವೆ ಇಟ್ಟು ಸುಮ್ನೆ ಖುಷಿಪಡಬೇಡಿ. ಬೂಷ್ಟು ಬದುಕುವುದು ಗೋಡೆಯ ಮೇಲೆ. 25 ಡಿಗ್ರಿ ಸೆಲ್ಸಿಯಸ್, ಶೇಕಡಾ 65 ತೇವ ಇರುವ ಕೋಣೆಯಲ್ಲಿ ಹೊರಗೋಡೆ 20 ಡಿಗ್ರಿಗೆ ತಣ್ಣಗಾಗಿದ್ದರೆ, ಆ ಗೋಡೆಗೆ ಅಂಟಿದ ಗಾಳಿಯ ತೇವ ಶೇಕಡಾ 85 ದಾಟುತ್ತದೆ. ಬೂಷ್ಟಿಗೆ ಅಷ್ಟು ಧಾರಾಳವಾಗಿ ಸಾಕು. ಅದಕ್ಕೇ ಬೀರುವಿನ ಹಿಂದೆ, ಮೂಲೆಗಳಲ್ಲಿ, ಗಾಳಿ ಆಡದ ಕಡೆ ಮೊದಲು ಕಾಣಿಸಿಕೊಳ್ಳುವುದು. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಮುಂದೆ ಸರಿಸಿ. ಖರ್ಚಿಲ್ಲದ ಚಿಕಿತ್ಸೆ ಇದು.

ಹೆಜ್ಜೆ 3: ನೀರು ಎಲ್ಲಿಂದ ಬರುತ್ತಿದೆ ಅಂತ ಪತ್ತೆಹಚ್ಚಿ

ನನ್ನ ಎರಡು ಪೇಂಟ್ ದಂಡವಾದದ್ದು ಈ ಹೆಜ್ಜೆ ಬಿಟ್ಟಿದ್ದಕ್ಕೆ. ಗೋಡೆಯ ಮೇಲಿನ ತೇವ ಗೋಡೆಯೊಳಗಿಂದ ಬರುತ್ತಿದೆಯೋ, ಕೋಣೆಯ ಗಾಳಿಯಿಂದ ಕೂರುತ್ತಿದೆಯೋ? ಎರಡಕ್ಕೂ ಪರಿಹಾರ ಬೇರೆ.

ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತೆಗೆದುಕೊಳ್ಳಿ. ಎರಡಡಿಗೆ ಎರಡಡಿ ಸಾಕು. ಗೋಡೆಯನ್ನು ಒಣಬಟ್ಟೆಯಲ್ಲಿ ಒರೆಸಿ, ಹಾಳೆಯ ನಾಲ್ಕೂ ಅಂಚನ್ನು ಸಂದಿಲ್ಲದಂತೆ ಟೇಪಿನಿಂದ ಅಂಟಿಸಿ. ಒಂದು ದಿನ, ಸಾಧ್ಯವಾದರೆ ಎರಡು ದಿನ ಬಿಡಿ. ಆಮೇಲೆ ಹಾಳೆಯ ಮೇಲೆ ಬೆರಳಾಡಿಸಿ. ಕೋಣೆಯ ಕಡೆಯ ಮೈ ಒದ್ದೆಯಾಗಿದ್ದರೆ ನೀರು ಗಾಳಿಯದ್ದು. ಹೊರಮೈ ಒಣಗಿದ್ದು, ಹಾಳೆಯ ಒಳಗೆ ಗೋಡೆಯ ಕಡೆ ಮಂಜು ಅಥವಾ ಹನಿ ಕೂತಿದ್ದರೆ ನೀರು ಗೋಡೆಯೊಳಗಿನದ್ದು.

ಗೋಡೆಯೊಳಗಿನದ್ದಾದರೆ ಕಲೆಯ ಆಕಾರ ನೋಡಿ. ನೆಲದಿಂದ ಮೊಣಕಾಲೆತ್ತರದವರೆಗೆ ಪಟ್ಟಿಯಂತೆ ಇದ್ದರೆ ಬುನಾದಿಯಿಂದ ಪಸೆ ಏರುತ್ತಿದೆ. ಸೂರಿನಿಂದ ಕೆಳಗೆ ಇಳಿದಿದ್ದರೆ ಚಾವಣಿ ಅಥವಾ ಮೇಲಿನ ಮನೆಯ ಬಚ್ಚಲು. ಗೋಡೆಯ ನಡುವೆ ಮೋಡದಂತೆ ಹರಡಿದ್ದರೆ ಪೈಪ್. ಪೈಪ್ ಅಂತ ಅನುಮಾನ ಬಂದರೆ ರಾತ್ರಿ ಎಲ್ಲ ನಲ್ಲಿ ಮುಚ್ಚಿ, ನೀರಿನ ಮೀಟರಿನ ಅಂಕಿ ಬರೆದಿಟ್ಟುಕೊಂಡು ಮಲಗಿ. ಬೆಳಗ್ಗೆ ಯಾರೂ ನಲ್ಲಿ ತಿರುಗಿಸುವ ಮೊದಲು ಮತ್ತೆ ನೋಡಿ. ಅಂಕಿ ಮುಂದೆ ಹೋಗಿದ್ದರೆ ಕಳ್ಳ ಸಿಕ್ಕ. ಮಳೆ ಬಂದಾಗ ಮಾತ್ರ ಕಲೆ ದೊಡ್ಡದಾಗುತ್ತದೆಯಾ ಅಂತಲೂ ಗಮನಿಸಿ. ಕಲೆಯ ಅಂಚಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದಿಟ್ಟರೆ ವಾದವೇ ಬೇಡ.

ಗಾಳಿಯ ನೀರಾದರೆ ಅದನ್ನು ತುಂಬುತ್ತಿರುವವರು ನಾವೇ. ಒಂದು ಸಲದ ಒಗೆದ ಬಟ್ಟೆ ಒಳಗೆ ಒಣಹಾಕಿದರೆ ಒಂದೆರಡು ಲೀಟರ್ ನೀರು ಗಾಳಿಗೆ ಸೇರುತ್ತದೆ. ಮುಚ್ಚಿದ ಕೋಣೆಯಲ್ಲಿ ಇಬ್ಬರು ರಾತ್ರಿ ಮಲಗಿದರೆ ಉಸಿರು, ಬೆವರಿನಿಂದಲೇ ಅರ್ಧ ಲೀಟರಿಗಿಂತ ಜಾಸ್ತಿ. ಕುದಿಯುವ ಪಾತ್ರೆ, ಬಿಸಿನೀರಿನ ಸ್ನಾನ ಬೇರೆ.

ಹೆಜ್ಜೆ 4: ಒಣಗಿಸಿ

ನೀರು ಚೆಲ್ಲಿದ, ಸೋರಿದ, ನುಗ್ಗಿದ ಜಾಗ 24ರಿಂದ 48 ಗಂಟೆಯೊಳಗೆ ಒಣಗಬೇಕು. ಆಮೇಲೆ ಬೂಷ್ಟು ಬೇರೂರಲು ಶುರು. ಸೋರಿಕೆ ನಿಲ್ಲಿಸಿ, ಫ್ಯಾನ್ ಹಾಕಿ, ಪೀಠೋಪಕರಣ ಸರಿಸಿ. ಆದರೆ ಬೂಷ್ಟು ಆಗಲೇ ಬೆಳೆದಿದ್ದರೆ ಅದರ ಮೇಲೆ ಫ್ಯಾನ್ ಬಿಡಬೇಡಿ. ಬೀಜಕಣಗಳನ್ನು ಇಡೀ ಮನೆಗೆ ಹಂಚಿದಂತಾಗುತ್ತದೆ.

ಬಚ್ಚಲಿನ ಎಕ್ಸಾಸ್ಟ್ ಫ್ಯಾನನ್ನು ಸ್ನಾನ ಮುಗಿದ ಮೇಲೂ ಅರ್ಧ ಗಂಟೆ ಓಡಿಸಿ. ಅದು ನಿಜವಾಗಿ ಎಳೆಯುತ್ತಿದೆಯಾ ಅಂತ ನೋಡಲು ಒಂದು ತೆಳು ಕಾಗದ ಹಿಡಿಯಿರಿ. ಕಾಗದ ಜಾಲರಿಗೆ ಅಂಟಿ ನಿಲ್ಲಬೇಕು. ಬರೀ ಸದ್ದು ಮಾಡುವ ಫ್ಯಾನ್‌ಗಳು ಬೇಕಾದಷ್ಟಿವೆ.

ಮಳೆ ಬರುವಾಗ ಕಿಟಕಿ ತೆಗೆದರೆ ತೇವ ಒಳಗೆ ಬರುವುದಿಲ್ಲವೇ? ಯಾವಾಗಲೂ ಅಲ್ಲ. 22 ಡಿಗ್ರಿ, ಶೇಕಡಾ 95 ತೇವದ ಹೊರಗಾಳಿಯ ಒಂದು ಘನ ಮೀಟರಿನಲ್ಲಿ ಸುಮಾರು 18 ಗ್ರಾಂ ನೀರಾವಿ ಇರುತ್ತದೆ. 28 ಡಿಗ್ರಿ, ಶೇಕಡಾ 80 ಇರುವ ಒಳಗಾಳಿಯಲ್ಲಿ ಸುಮಾರು 22 ಗ್ರಾಂ. ಅಂದರೆ ಹೊರಗೆ ತಂಪಾಗಿ ಮಳೆ ಸುರಿಯುತ್ತಿದ್ದರೂ ಕಿಟಕಿ ತೆಗೆದರೆ ಮನೆ ಒಣಗುತ್ತದೆ. ಎರಚಲು ಬೀಳದಂತೆ ನೋಡಿಕೊಂಡರಾಯಿತು. ಹೊರಗೆ ಸೆಕೆ, ಒಳಗೆ ಎಸಿ ತಂಪು ಇದ್ದಾಗ ಮಾತ್ರ ಉಲ್ಟಾ. ಆಗ ಮುಚ್ಚಿಡಿ.

ಇದರಿಂದಲೂ ತೇವ 60ರ ಕೆಳಗೆ ಇಳಿಯದಿದ್ದರೆ ಡಿಹ್ಯೂಮಿಡಿಫೈಯರ್, ಅಂದರೆ ಗಾಳಿಯ ತೇವ ತೆಗೆಯುವ ಯಂತ್ರ. ತೇವ ಹೀರುವ ಬಿಳಿ ಹರಳಿನ ಡಬ್ಬಿಗಳು ಮುಚ್ಚಿದ ಕಪಾಟಿನೊಳಗೆ ಕೆಲಸ ಮಾಡುತ್ತವೆ. ಕೋಣೆಗೆ ಅವು ಏನೇನೂ ಸಾಲವು.

ಹೆಜ್ಜೆ 5: ಬೂಷ್ಟು ತೆಗೆಯುವುದು

ಮೂರಡಿಗೆ ಮೂರಡಿಗಿಂತ ಕಡಿಮೆ ಜಾಗವಾದರೆ ನೀವೇ ಮಾಡಬಹುದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುವ ಲೆಕ್ಕ ಹೆಚ್ಚುಕಮ್ಮಿ ಇದೇ. ಅದಕ್ಕಿಂತ ದೊಡ್ಡದಾದರೆ, ಚರಂಡಿ ನೀರು ನುಗ್ಗಿ ಆದದ್ದಾದರೆ, ಅಥವಾ ನಿಮಗೇ ಉಬ್ಬಸ ಇದ್ದರೆ ಬೇರೆಯವರಿಂದ ಮಾಡಿಸಿ.

ಎನ್95 ಮಾಸ್ಕ್, ಕಣ್ಣಿಗೆ ಗಾಗಲ್ಸ್, ಕೈಗೆ ಗ್ಲೌಸ್. ಬಟ್ಟೆಯ ಮಾಸ್ಕ್ ಸಾಲದು. ಕೋಣೆಯ ಬಾಗಿಲು ಮುಚ್ಚಿ, ಕಿಟಕಿ ತೆಗೆಯಿರಿ. ಸೀಲಿಂಗ್ ಫ್ಯಾನ್ ನಿಲ್ಲಿಸಿ. ಸೋಪುನೀರನ್ನು ಮೊದಲು ಬೂಷ್ಟಿನ ಮೇಲೆ ಸಿಂಪಡಿಸಿ ಒದ್ದೆ ಮಾಡಿಕೊಳ್ಳಿ, ಆಮೇಲೆ ಮುಟ್ಟಿ. ಒಣಗಿದ್ದಾಗ ಬ್ರಷ್ ಹಾಕಿ ಉಜ್ಜುವುದೇ ಎಲ್ಲರೂ ಮಾಡುವ ತಪ್ಪು. ಒಂದು ಉಜ್ಜಿಗೆ ಲಕ್ಷಾಂತರ ಬೀಜಕಣ ಮೇಲೇಳುತ್ತವೆ. ಅಂಚಿನಿಂದ ಒಳಕ್ಕೆ ಒರೆಸಿ, ಬಟ್ಟೆಯನ್ನು ಮಡಿಸಿ ಮಡಿಸಿ ಹೊಸ ಮೈ ಬಳಸಿ. ಮುಗಿದ ಮೇಲೆ ಆ ಕೋಣೆಯಲ್ಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಆಮೇಲೆ ಹೊರಗೆ ಒಯ್ಯಿರಿ.

ಬ್ಲೀಚ್ ಬೇಕಾ? ಬಹುಪಾಲು ಬೇಡ. ಸತ್ತ ಬೀಜಕಣವೂ ಅಲರ್ಜಿ ತರುತ್ತದೆ. ಕೊಲ್ಲುವುದಲ್ಲ, ತೆಗೆದುಹಾಕುವುದು ಮುಖ್ಯ. ಟೈಲ್, ಗಾಜಿನ ಮೇಲೆ ಬಳಸುವುದಾದರೂ ಬ್ಲೀಚನ್ನು ಅಮೋನಿಯಾ ಇರುವ ಕ್ಲೀನರ್ ಜೊತೆಗಾಗಲಿ, ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಜೊತೆಗಾಗಲಿ ಯಾವತ್ತೂ ಬೆರೆಸಬೇಡಿ. ಹೊರಬರುವ ಅನಿಲ ಬೂಷ್ಟಿಗಿಂತ ಸಾವಿರ ಪಾಲು ಅಪಾಯ. ಬಚ್ಚಲಿನಂಥ ಚಿಕ್ಕ ಜಾಗದಲ್ಲಿ ಇದರಿಂದ ಜನ ಆಸ್ಪತ್ರೆ ಸೇರುತ್ತಾರೆ.

ಬೂಷ್ಟು ಒಳಗಿಳಿದ ಫೋಮ್ ದಿಂಬು, ಹಾಸಿಗೆ, ರಟ್ಟಿನ ಪೆಟ್ಟಿಗೆ, ಜಿಪ್ಸಂ ಬೋರ್ಡು ತೊಳೆದರೆ ಹೋಗುವುದಿಲ್ಲ. ಎಸೆಯಿರಿ. ಹೊಟ್ಟೆ ಉರಿಯುತ್ತದೆ, ಗೊತ್ತು. ಪುಸ್ತಕಗಳನ್ನು ಮಾತ್ರ ನಾನು ಎಸೆಯುವುದಿಲ್ಲ. ಬಿಸಿಲಿರುವ ದಿನ ಹೊರಗೆ ಪೂರ್ತಿ ಒಣಗಿಸಿ, ಮಾಸ್ಕ್ ಹಾಕಿ, ಗಾಳಿ ಬರುವ ಕಡೆಗೆ ಬೆನ್ನು ಹಾಕಿ ಮೆತ್ತನೆ ಬ್ರಷ್‌ನಿಂದ ಕೊಡವುತ್ತೇನೆ.

ಹೆಜ್ಜೆ 6: ನೀರು ಕುಡಿಯುವ ಯಂತ್ರಗಳು

1976ರ ಜುಲೈನಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಮಾಜಿ ಸೈನಿಕರ ಸಮಾವೇಶ ನಡೆಯಿತು. ಅಲ್ಲಿಂದ ಹೋದವರಲ್ಲಿ ಒಬ್ಬೊಬ್ಬರಾಗಿ ನ್ಯುಮೋನಿಯಾದಿಂದ ಬಿದ್ದರು. ಸುಮಾರು ಮೂವತ್ತು ಜನ ಸತ್ತರು. ಕಾರಣವಾದ ಬ್ಯಾಕ್ಟೀರಿಯಾ ಪತ್ತೆಯಾದದ್ದು 1977ರ ಜನವರಿಯಲ್ಲಿ. ಅದಕ್ಕೆ ಲೀಜಿಯೊನೆಲ್ಲಾ ಅಂತ ಹೆಸರಾಯಿತು. ಬೆಚ್ಚಗಿನ, ನಿಂತ ನೀರಿನಲ್ಲಿ ಬೆಳೆದು, ನೀರು ಹನಿಯಾಗಿ ಚಿಮ್ಮಿದಾಗ ಉಸಿರಿನ ಜೊತೆ ಒಳಗೆ ಹೋಗುತ್ತದೆ. ಸಾಮಾನ್ಯವಾಗಿ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ.

ಮನೆಯ ಸ್ಪ್ಲಿಟ್ ಎಸಿ ಇದನ್ನು ಹರಡುವುದಿಲ್ಲ, ಅದು ನೀರಿನಿಂದ ತಂಪು ಮಾಡುವ ಯಂತ್ರವಲ್ಲ. ದೊಡ್ಡ ಕಟ್ಟಡಗಳ ಕೂಲಿಂಗ್ ಟವರ್ ಬೇರೆ ಮಾತು. ಮನೆಯಲ್ಲಿ ಗಮನಿಸಬೇಕಾದದ್ದು ಶವರ್ ಮತ್ತು ಬಿಸಿನೀರಿನ ಟ್ಯಾಂಕ್. ಟ್ಯಾಂಕಿನಲ್ಲಿ ನೀರು 60 ಡಿಗ್ರಿ ಇದ್ದರೆ ಈ ಬ್ಯಾಕ್ಟೀರಿಯಾ ಉಳಿಯುವುದಿಲ್ಲ. ಆದರೆ ಆ ನೀರು ಚರ್ಮ ಸುಡುತ್ತದೆ, ಮಕ್ಕಳಿರುವಲ್ಲಿ ತಣ್ಣೀರು ಬೆರೆತೇ ಬರುವಂತೆ ಇರಲಿ. ವಾರಗಟ್ಟಲೆ ಊರಲ್ಲಿಲ್ಲದೆ ವಾಪಸ್ ಬಂದಾಗ ಶವರ್ ಕೆಳಗೆ ನಿಂತುಕೊಂಡು ನಲ್ಲಿ ತಿರುಗಿಸಬೇಡಿ. ಕಿಟಕಿ ತೆಗೆದು, ನೀರು ಬಿಟ್ಟು, ಕೆಲವು ನಿಮಿಷ ಹೊರಗಿರಿ.

ಎಸಿಯ ಕಷ್ಟ ಬೂಷ್ಟಿನದ್ದು. ತಂಪು ಕಾಯಿಲ್ ಮೇಲೆ ನೀರು ಹನಿಯುತ್ತದೆ, ದೂಳು ಅಂಟುತ್ತದೆ, ಆಫ್ ಮಾಡಿದ ಮೇಲೆ ಕತ್ತಲೆ ಮತ್ತು ಪಸೆ. ಇನ್ನೇನು ಬೇಕು? ಆಫ್ ಮಾಡುವ ಮೊದಲು ಇಪ್ಪತ್ತು ನಿಮಿಷ ಬರೀ ಫ್ಯಾನ್ ಮೋಡಿನಲ್ಲಿ ಓಡಿಸಿ, ಒಳಗೆ ಒಣಗುತ್ತದೆ. ಬಳಸುವ ಕಾಲದಲ್ಲಿ ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆಯಿರಿ. ಫಿಲ್ಟರ್ ತೆಗೆದಾಗ ಟಾರ್ಚ್ ಹಿಡಿದು ಒಳಗಿನ ಉರುಳೆಯಂಥ ಬ್ಲೋವರ್ ನೋಡಿ. ಅದರ ರೆಕ್ಕೆಗಳ ಮೇಲೆ ಕಪ್ಪು ಚುಕ್ಕೆ ಇದ್ದರೆ ಫಿಲ್ಟರ್ ತೊಳೆದು ಪ್ರಯೋಜನವಿಲ್ಲ, ಬಿಚ್ಚಿಸಿ ತೊಳೆಸಬೇಕು. ಆನ್ ಮಾಡಿದ ಕೂಡಲೇ ಬರುವ ಹುಳಿ ವಾಸನೆ ಇದರದ್ದೇ.

ಹ್ಯೂಮಿಡಿಫೈಯರ್, ಏರ್ ಕೂಲರ್ ನೀರನ್ನು ದಿನವೂ ಚೆಲ್ಲಿ. ಎರಡು ಮೂರು ದಿನಕ್ಕೊಮ್ಮೆ ಉಜ್ಜಿ ತೊಳೆಯಿರಿ. ತಣ್ಣನೆ ಮಂಜು ಬಿಡುವ ಅಲ್ಟ್ರಾಸಾನಿಕ್ ಹ್ಯೂಮಿಡಿಫೈಯರ್ ನೀರಿನಲ್ಲಿ ಇರುವುದನ್ನೆಲ್ಲ ಗಾಳಿಗೆ ಎಸೆಯುತ್ತದೆ. ಮಗುವಿನ ತಲೆದಿಂಬಿನ ಪಕ್ಕ ಇಡುವ ವಸ್ತು ಅದು, ಯೋಚಿಸಿ.

ಹೆಜ್ಜೆ 7: ಜನರಿಂದ ಬರುವುದಕ್ಕೆ ಗಾಳಿಯಾಟ

ಕ್ಷಯದ ಬ್ಯಾಕ್ಟೀರಿಯಾ ಬರೀ ಗಾಳಿಯಿಂದಲೇ ಹರಡಬಲ್ಲದು ಅಂತ ತೋರಿಸಿದ್ದು 1950ರ ದಶಕದ ಕೊನೆಯಲ್ಲಿ ಬಾಲ್ಟಿಮೋರಿನ ಆಸ್ಪತ್ರೆಯೊಂದರಲ್ಲಿ. ರಿಚರ್ಡ್ ರೈಲಿ ಮತ್ತು ಸಂಗಡಿಗರು ಕ್ಷಯದ ವಾರ್ಡಿನ ಗಾಳಿಯನ್ನು ಕೊಳವೆಯಲ್ಲಿ ಒಯ್ದು ಗಿನಿಯಿಲಿಗಳಿದ್ದ ಕೋಣೆಗೆ ಬಿಟ್ಟರು. ಇಲಿಗಳಿಗೆ ಕ್ಷಯ ಬಂತು. ಅದೇ ಗಾಳಿಗೆ ನೇರಳಾತೀತ ಬೆಳಕು ಹಾಯಿಸಿ ಬಿಟ್ಟ ಕಡೆಯ ಇಲಿಗಳಿಗೆ ಬರಲಿಲ್ಲ.

ಮನೆಯಲ್ಲಿ ನಮಗೆ ಸಿಗುವ ದೊಡ್ಡ ಅಸ್ತ್ರ ಕಿಟಕಿ. ಎದುರುಬದುರಿನ ಎರಡು ತೆಗೆದರೆ ಗಾಳಿ ಹಾಯುತ್ತದೆ. ಒಂದೇ ತೆಗೆದರೆ ಅಷ್ಟಾಗಿ ಇಲ್ಲ. ಒಂದೇ ಇದ್ದರೆ ಪೆಡೆಸ್ಟಲ್ ಫ್ಯಾನನ್ನು ಕಿಟಕಿಯ ಕಡೆ ಮುಖ ಮಾಡಿ, ಹೊರಗೆ ಊದುವಂತೆ ಇಟ್ಟು ಬಾಗಿಲು ತೆಗೆಯಿರಿ. ಗಂಟೆಗೆ ಎರಡು ಸಲ ಕೋಣೆಯ ಗಾಳಿ ಬದಲಾದರೆ, ಕೆಮ್ಮಿದವರು ಎದ್ದು ಹೋದ ಮೇಲೆ ಶೇಕಡಾ 99ರಷ್ಟು ಕಣ ಹೊರಹೋಗಲು 138 ನಿಮಿಷ. ಆರು ಸಲ ಬದಲಾದರೆ 46 ನಿಮಿಷ.

ಗಾಳಿ ಬದಲಾಗುತ್ತಿದೆಯಾ ಅಂತ ನೋಡಲು ಕಾರ್ಬನ್ ಡೈಆಕ್ಸೈಡ್ ಮೀಟರ್ ಒಳ್ಳೆಯ ಉಪಾಯ. ಹೊರಗೆ ಸುಮಾರು 420 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 420 ಪಾಲು ಇರುತ್ತದೆ. ನಾವು ಬಿಡುವ ಉಸಿರಿನಲ್ಲಿ ಸುಮಾರು 40 ಸಾವಿರ. ಮಲಗುವ ಕೋಣೆಯಲ್ಲಿ ಬೆಳಗ್ಗೆ ಸಾವಿರ ದಾಟಿದ್ದರೆ ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಎಳೆದುಕೊಂಡಿದ್ದೀರಿ ಅಂತ ಅರ್ಥ. ಮೀಟರ್ ಬ್ಯಾಕ್ಟೀರಿಯಾ ಎಣಿಸುವುದಿಲ್ಲ, ಹಳೆ ಉಸಿರು ಎಷ್ಟು ಉಳಿದಿದೆ ಅಂತ ಹೇಳುತ್ತದೆ ಅಷ್ಟೆ.

ಹೆಜ್ಜೆ 8: ದೂಳು

ಪಾಶ್ಚರರ ನೆಲಮಾಳಿಗೆ ನೆನಪಿದೆಯಾ? ನೆಲಕ್ಕೆ ಬಿದ್ದದ್ದು ಅಲ್ಲೇ ಇದ್ದರೆ ತೊಂದರೆಯಿಲ್ಲ. ಎಬ್ಬಿಸುವುದು ನಾವು. ಒಣ ಪೊರಕೆಯಿಂದ ಗುಡಿಸಿದರೆ ಎರಡು ದಿನ ಇಳಿದದ್ದೆಲ್ಲ ಮತ್ತೆ ಮೂಗಿನ ಎತ್ತರಕ್ಕೆ. ಒದ್ದೆ ಬಟ್ಟೆಯಿಂದ ಒರೆಸಿ. ವ್ಯಾಕ್ಯೂಮ್ ಆದರೆ ಅತಿ ಸಣ್ಣ ಕಣವನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವುದು. ಇಲ್ಲದಿದ್ದರೆ ಮುಂದಿನಿಂದ ಎಳೆದದ್ದನ್ನು ಹಿಂದಿನಿಂದ ಊದುತ್ತದೆ. ಹಾಸಿಗೆ ಕೊಡವುವುದು ಮನೆಯ ಹೊರಗೆ.

ಹೆಜ್ಜೆ 9: ಪ್ಯೂರಿಫೈಯರ್ ಕೊನೆಗೆ

ಇಷ್ಟೆಲ್ಲ ಆದ ಮೇಲೂ ಅಲರ್ಜಿ ಇದ್ದರೆ ಮಾತ್ರ ಕೊಳ್ಳಿ. ಹೆಪಾ ಫಿಲ್ಟರ್ 0.3 ಮೈಕ್ರಾನ್ ಕಣಗಳಲ್ಲಿ ಶೇಕಡಾ 99.97 ಹಿಡಿಯುತ್ತದೆ. ಬೀಜಕಣ ಅದಕ್ಕಿಂತ ದೊಡ್ಡದು, ಸುಲಭವಾಗಿ ಸಿಗುತ್ತದೆ. ನೋಡಬೇಕಾದ ಅಂಕಿ ಸಿಎಡಿಆರ್, ಅಂದರೆ ಯಂತ್ರ ಎಷ್ಟು ಶುದ್ಧ ಗಾಳಿ ಕೊಡುತ್ತದೆ ಅನ್ನುವ ಲೆಕ್ಕ. ಅದು ನಿಮಿಷಕ್ಕೆ ಘನ ಅಡಿಯಲ್ಲಿ ಇದ್ದರೆ, ಕೋಣೆಯ ಚದರ ಅಡಿಯ ಮೂರನೇ ಎರಡರಷ್ಟಾದರೂ ಇರಬೇಕು. 12ಕ್ಕೆ 12 ಅಡಿಯ ಕೋಣೆಗೆ 96. ಪೆಟ್ಟಿಗೆಯ ಮೇಲೆ ಘನ ಮೀಟರ್ ಇದ್ದರೆ ಅದು ಗಂಟೆಯ ಲೆಕ್ಕ, 1.7ರಿಂದ ಭಾಗಿಸಿ ಹೋಲಿಸಿ. ಓಜೋನ್ ಬಿಡುವ ಯಂತ್ರ ಬೇಡವೇ ಬೇಡ, ಅದು ಶ್ವಾಸಕೋಶವನ್ನೇ ಕೆರಳಿಸುತ್ತದೆ. ಸುಗಂಧದ ಸ್ಪ್ರೇ ಮುಗ್ಗಲು ವಾಸನೆಯನ್ನು ಮುಚ್ಚಿ, ನಿಮ್ಮ ಒಳ್ಳೆಯ ಉಪಕರಣವಾದ ಮೂಗನ್ನೇ ಕೆಡಿಸುತ್ತದೆ.

ಗಾಳಿ ಪರೀಕ್ಷೆ ಮಾಡಿಸಬೇಕಾ?

ತಟ್ಟೆ ತೆರೆದಿಟ್ಟು ಬೂಷ್ಟು ಬೆಳೆಸುವ ಕಿಟ್‌ಗಳಿಗೆ ದುಡ್ಡು ಹಾಕಬೇಡಿ. ಯಾವ ಮನೆಯಲ್ಲಿಟ್ಟರೂ ಏನೋ ಒಂದು ಬೆಳೆದೇ ಬೆಳೆಯುತ್ತದೆ. ದೊಡ್ಡ ಕಣ ಬೇಗ ಬೀಳುವುದರಿಂದ ಅವೇ ಜಾಸ್ತಿ ಕಾಣುತ್ತವೆ, ಶ್ವಾಸಕೋಶಕ್ಕೆ ಇಳಿಯುವ ಚಿಕ್ಕವು ತಪ್ಪಿಸಿಕೊಳ್ಳುತ್ತವೆ. ವೃತ್ತಿಪರರು ಪಂಪಿನಿಂದ ಅಳತೆ ಮಾಡಿದ ಗಾಳಿಯನ್ನು ಎಳೆದು ಎಣಿಸುತ್ತಾರೆ. ಆಗಲೂ ಅದೇ ಹೊತ್ತಿನ ಹೊರಗಾಳಿಯ ಮಾದರಿ ಜೊತೆಗೆ ಇಲ್ಲದಿದ್ದರೆ ಆ ವರದಿಗೆ ಬೆಲೆಯಿಲ್ಲ. ಒಳಗೆ ಸಿಕ್ಕ ಬಗೆ ಹೊರಗಿಲ್ಲದಿದ್ದರೆ, ಅಥವಾ ಒಳಗೇ ಜಾಸ್ತಿ ಇದ್ದರೆ, ಬೂಷ್ಟು ಒಳಗಿದೆ ಅಂತ. ಕಣ್ಣಿಗೇ ಕಾಣುತ್ತಿರುವಾಗ ಪರೀಕ್ಷೆಯ ದುಡ್ಡನ್ನು ಪ್ಲಂಬರ್‌ಗೆ ಕೊಡುವುದು ಮೇಲು.

ವೈದ್ಯರ ಹತ್ತಿರ ಹೋಗುವಾಗ

ಮೂರು ವಾರ ದಾಟಿದ ಕೆಮ್ಮು, ರಾತ್ರಿ ಎಬ್ಬಿಸುವ ಉಬ್ಬಸ, ಕಫದಲ್ಲಿ ರಕ್ತ, ಮೇಲೆ ಹೇಳಿದಂತೆ ಮತ್ತೆ ಮತ್ತೆ ಬರುವ ಚಳಿಜ್ವರ. ಇವಕ್ಕೆ ಮನೆ ಒಣಗುವವರೆಗೆ ಕಾಯಬೇಡಿ. ಹೋಗುವ ಮೊದಲು ಎರಡು ವಾರ ಒಂದು ಚೀಟಿ ಬರೆಯಿರಿ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕೋಣೆಯಲ್ಲಿ, ಏನಾಯಿತು. ಹೊರಗೆ ಉಳಿದ ದಿನ ಹೇಗಿತ್ತು. ಪಕ್ಷಿ ಸಾಕಿದ್ದೀರಾ, ಕೂಲರ್ ಇದೆಯಾ, ಗೋಡೆ ಯಾವಾಗಿನಿಂದ ಒದ್ದೆ ಅಂತಲೂ ಸೇರಿಸಿ. ತುರ್ತು ಇದ್ದರೆ ಚೀಟಿಗೆ ಕಾಯದೆ ಹೊರಡಿ. ನನ್ನ ಸೀನಿನ ಗುಟ್ಟು ಹೊರಬಿದ್ದದ್ದು ಅಂಥದ್ದೇ ಚೀಟಿಯಿಂದ. ವೈದ್ಯರು ಅದನ್ನು ಓದಿ, ಮೂಗನ್ನು ನೋಡುವ ಮೊದಲೇ ಕೇಳಿದ್ದು: "ಬೀರುವಿನ ಹಿಂದೆ ಏನಿದೆ ಅಂತ ನೋಡಿದ್ರಾ?"